ಕಾರ್ಖಾನೆಯೇ ಇಲ್ಲದ ಅಂಟಾರ್ಕ್ಟಿಕಾದ ಕಲ್ಲುಹೂವಿಗೆ ಸೀಸ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಅಂಟಾರ್ಕ್ಟಿಕಾದಲ್ಲಿ ಕಾರ್ಖಾನೆಯಿಲ್ಲ, ಹೆದ್ದಾರಿಯಿಲ್ಲ, ಊರೇ ಇಲ್ಲ. ಆದರೂ ಅಲ್ಲಿನ ಕಲ್ಲುಹೂವಿನಲ್ಲಿ ಸೀಸ, ಪಾದರಸ ಸಿಕ್ಕಿದೆ ಎನ್ನುತ್ತಾರೆ. ಇದು ಹೇಗೆ ಸಾಧ್ಯ?

ಗಾಳಿಯ ಮೂಲಕ. ಆದರೆ ಎಲ್ಲಿಂದ ಬೀಸಿದ ಗಾಳಿ ಎಂಬಲ್ಲಿ ತಕರಾರು ಶುರುವಾಗುತ್ತದೆ.

ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುಗಳೇ ಅಲ್ಲಿ ಬಂಡೆಗಳ ಮೇಲೆ ಬೆಳೆಯುತ್ತವೆ. ಅಂಟಾರ್ಕ್ಟಿಕಾದ ಮೂಲನಿವಾಸಿ ಹೂಬಿಡುವ ಸಸ್ಯಗಳು ಎರಡೇ ಪ್ರಭೇದ. ಕಲ್ಲುಹೂಗಳು ಸುಮಾರು 400. ಶಿಲೀಂಧ್ರ ಮತ್ತು ಪಾಚಿ ಕೂಡಿ ನಡೆಸುವ ಈ ಸಂಸಾರಕ್ಕೆ ಬೇರಿಲ್ಲ, ಎಲೆಗಳಿಗಿರುವಂತಹ ಮೇಣದ ಹೊದಿಕೆಯೂ ಇಲ್ಲ. ನೀರು, ಲವಣ ಎಲ್ಲವನ್ನೂ ಮಂಜು, ಹಿಮ, ಧೂಳುಗಳಿಂದ ಮೈಯಿಂದಲೇ ಹೀರಬೇಕು. ಉಸ್ನಿಯಾ ಎಂಬ ಪೊದೆಯಂತಹ ಜಾತಿಯ ಒಂದು ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ನೂಲುಗಳ ನಡುವೆ ಸಿಕ್ಕಿಕೊಂಡ ಧೂಳಿನ ಕಣಗಳು ಕಾಣುತ್ತವೆ. ಕರಗಿದ ಲೋಹದ ಅಯಾನುಗಳು ಕೋಶಭಿತ್ತಿಗೆ ಅಂಟಿಕೊಳ್ಳುತ್ತವೆ. ಸ್ವಲ್ಪ ಭಾಗ ಕೋಶದ ಒಳಕ್ಕೂ ಇಳಿಯುತ್ತದೆ. ಬೆಳವಣಿಗೆಯಂತೂ ಆಮೆವೇಗ. ಬಂಡೆಗೆ ಅಂಟಿ ಬೆಳೆಯುವ ಕೆಲವು ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರೂ ಹರಡುವುದಿಲ್ಲ, ಶತಮಾನಗಟ್ಟಲೆ ಬದುಕುತ್ತವೆ. ಬರುವುದು ಹೆಚ್ಚು, ಹೋಗುವುದು ಕಡಿಮೆ.

ಇನ್ನು ಸೀಸ. ಇದಕ್ಕೆ ಕಲ್ಲುಹೂವಿಗಿಂತ ಮಂಜುಗಡ್ಡೆ ಒಳ್ಳೆಯ ಸಾಕ್ಷಿ, ಏಕೆಂದರೆ ಅದರ ಪದರಗಳಿಗೆ ಇಸವಿ ಹಾಕಬಹುದು. ಅಂಟಾರ್ಕ್ಟಿಕಾದ ಹಲವೆಡೆ ಕೊರೆದು ತೆಗೆದ ಮಂಜಿನ ಕಂಬಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೈಗಾರಿಕಾ ಸೀಸ ಅಲ್ಲಿಗೆ 1889ರ ಹೊತ್ತಿಗೇ ತಲುಪಿತ್ತು. ನಾರ್ವೆಯ ಅಮುಂಡ್ಸೆನ್ ಎಲ್ಲರಿಗಿಂತ ಮೊದಲು ದಕ್ಷಿಣ ಧ್ರುವ ಮುಟ್ಟಿದ್ದೇ 1911ರಲ್ಲಿ! ಸೀಸದ ಐಸೊಟೋಪ್‌ಗಳ, ಅಂದರೆ ತೂಕದಲ್ಲಷ್ಟೇ ಬೇರೆಯಾದ ಸೀಸದ ಪರಮಾಣುಗಳ ಅನುಪಾತ ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯ ಅದಿರಿಗೆ ತಾಳೆಯಾಯಿತು. ಆಮೇಲೆ ಸೀಸ ಬೆರೆಸಿದ ಪೆಟ್ರೋಲ್ ಬಂತು. ಭಾರತ ಅದನ್ನು 2000ದಲ್ಲಿ ನಿಲ್ಲಿಸಿತು, ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ.

ಪಾದರಸದ ದಾರಿ ಇನ್ನೂ ವಿಚಿತ್ರ. ಅದು ಅನಿಲರೂಪದಲ್ಲಿ ತಿಂಗಳುಗಟ್ಟಲೆ ತೇಲುತ್ತಾ ಭೂಮಿ ಸುತ್ತುತ್ತದೆ. ಕೆನಡಾದ ಉತ್ತರ ತುದಿಯ ಅಲರ್ಟ್‌ನಲ್ಲಿ 1995ರಲ್ಲಿ ಅಳೆಯುತ್ತಿದ್ದವರಿಗೆ, ದೀರ್ಘ ಇರುಳು ಮುಗಿದು ಸೂರ್ಯ ಮೂಡಿದ ಮೇಲೆ ಗಾಳಿಯ ಪಾದರಸ ಆಗಾಗ ಇದ್ದಕ್ಕಿದ್ದಂತೆ ಕುಸಿಯುವುದು ಕಂಡಿತು. ಸಮುದ್ರದ ಮಂಜುಗಡ್ಡೆಯಿಂದ ಹೊಮ್ಮುವ ಬ್ರೋಮಿನ್ ಬಿಸಿಲಿನಲ್ಲಿ ಪಾದರಸವನ್ನು ಉತ್ಕರ್ಷಿಸಿ, ಅಂದರೆ ಸುಲಭವಾಗಿ ಅಂಟಿಕೊಳ್ಳುವ ರೂಪಕ್ಕೆ ತಿರುಗಿಸಿ, ಹಿಮದ ಮೇಲೆ ಕೆಡವುತ್ತದೆ. ಬಿದ್ದದ್ದರಲ್ಲಿ ಸಾಕಷ್ಟು ಪಾಲು ಮತ್ತೆ ಗಾಳಿಗೆ ಹಾರುತ್ತದೆ, ಉಳಿದದ್ದರಲ್ಲಿ ಒಂದಿಷ್ಟು ಪಾಚಿ, ಕಲ್ಲುಹೂಗಳ ಪಾಲಾಗುತ್ತದೆ. ಅಂಟಾರ್ಕ್ಟಿಕಾದ ಕರಾವಳಿಯಲ್ಲೂ ಇದೇ ನಡೆಯುತ್ತದೆ.

ಹಾಗೆಂದು ಎಲ್ಲ ಲೋಹವನ್ನೂ ದೂರದ ಚಿಮಣಿಗಳ ತಲೆಗೆ ಕಟ್ಟುವುದು ಸರಿಯಲ್ಲ. ಈ ವಿಷಯದ ಸುದ್ದಿಗಳು ಎಡವುವುದೇ ಇಲ್ಲಿ. ಪಕ್ಕದ ಬಂಡೆ ಸವೆದ ಧೂಳಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂ ಇರುತ್ತವೆ. ಅಂಟಾರ್ಕ್ಟಿಕಾದಲ್ಲೇ ಇರುವ ಎರೆಬಸ್ ಜ್ವಾಲಾಮುಖಿ ಹೊಗೆಯಾಡುತ್ತಿದೆ. ಪೆಂಗ್ವಿನ್ ಹಿಕ್ಕೆಯಿಂದ ತಾಮ್ರ, ಸತು, ಕ್ಯಾಡ್ಮಿಯಂ ಬರುತ್ತವೆ. ಸಂಶೋಧನಾ ಕೇಂದ್ರಗಳ ಡೀಸೆಲ್ ಜನರೇಟರ್‌ಗಳೂ ಇವೆ. ಕಸವನ್ನು ಬಯಲಲ್ಲಿ ಸುಡುವುದು ನಿಂತದ್ದು ಅಂಟಾರ್ಕ್ಟಿಕಾದ ಪರಿಸರ ಕಾಯುವ 1991ರ ಮ್ಯಾಡ್ರಿಡ್ ಒಡಂಬಡಿಕೆಯ ಫಲವಾಗಿ, ಅದೂ 1990ರ ದಶಕದ ಕೊನೆಗೆ. ಆದ್ದರಿಂದಲೇ ಸಂಶೋಧಕರು ಲೋಹವನ್ನು ಅಳೆದು ಸುಮ್ಮನಾಗುವುದಿಲ್ಲ. ಮಾದರಿಯಲ್ಲಿರುವ ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಜೊತೆ ಹೋಲಿಸುತ್ತಾರೆ. ಇವು ಮಣ್ಣಿನ ಗುರುತು. ಸೀಸ ಮತ್ತು ಅಲ್ಯೂಮಿನಿಯಂ ಅನುಪಾತ ಸ್ಥಳೀಯ ಮಣ್ಣಿನಲ್ಲಿರುವಷ್ಟೇ ಇದ್ದರೆ ಅದು ಬಂಡೆಯ ಧೂಳು. ಹತ್ತಾರು ಪಟ್ಟು ಹೆಚ್ಚಿದ್ದರೆ ಬೇರೆ ಮೂಲ ಹುಡುಕಬೇಕು. ಈ ಹೋಲಿಕೆಯಿಲ್ಲದೆ ಬರಿಯ ಅಂಕಿ ಕೊಟ್ಟು ಹೌಹಾರಿಸುವ ವರದಿಯನ್ನು ನಾನಂತೂ ನಂಬುವುದಿಲ್ಲ.

ಉತ್ತರ ಧ್ರುವದ ಕಡೆ ಗೊಂದಲ ಕಡಿಮೆ. ರಷ್ಯಾದ ಕೋಲಾ ಪರ್ಯಾಯ ದ್ವೀಪದ ಮೊಂಚೆಗೊರ್ಸ್ಕ್‌ನಲ್ಲಿ ನಿಕ್ಕಲ್, ತಾಮ್ರ ಕರಗಿಸುವ ಕುಲುಮೆಗಳ ಸುತ್ತ ಕಲ್ಲುಹೂವೇ ಇಲ್ಲದ ಬಯಲುಗಳಾದವು. ಅಲ್ಲಿ ಲೋಹಕ್ಕಿಂತ ಹೊಗೆಯಲ್ಲಿನ ಗಂಧಕದ ಡೈಆಕ್ಸೈಡ್ ಅನಿಲ ಮೊದಲು ಕೊಂದಿತು. ಸ್ವಲ್ಪ ದೂರ ಹೋದಂತೆ ಬದುಕುಳಿದವುಗಳಲ್ಲಿ ನಿಕ್ಕಲ್ ತುಂಬಿರುತ್ತದೆ.

ಹಿಮಸಾರಂಗಗಳ ಚಳಿಗಾಲದ ಮುಖ್ಯ ಮೇವು ಈ ಕಲ್ಲುಹೂವೇ. ಅವು ತಿಂದ ಕ್ಯಾಡ್ಮಿಯಂ ಮಾಂಸಕ್ಕಿಂತ ಮೂತ್ರಪಿಂಡ, ಯಕೃತ್ತುಗಳಲ್ಲಿ ನಿಲ್ಲುತ್ತದೆ. ಬೇಟೆಯ ಪ್ರಾಣಿಯ ಯಾವ ಭಾಗವನ್ನೂ ಬಿಸಾಡದ ಉತ್ತರದ ಜನಗಳಿಗೆ ಆರೋಗ್ಯಾಧಿಕಾರಿಗಳು ಮಾಂಸ ಬಿಡಿ ಎನ್ನುವುದಿಲ್ಲ, ಆ ಎರಡು ಅಂಗಗಳನ್ನು ಮಿತವಾಗಿ ತಿನ್ನಿ ಎನ್ನುತ್ತಾರೆ.