ಮಲ್ಡರ್ ಗಡ್ಡ ಬಿಟ್ಟು ಬಂದಿದ್ದ: ‘ಎಕ್ಸ್-ಫೈಲ್ಸ್’ ಎರಡನೇ ಸಿನಿಮಾದ ಹಿಂದಿನ ಕತೆ

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕಚೇರಿಯ ಕಾರಿಡಾರು. ಒಳಗಿನಿಂದ ಕರೆ ಬರಲಿ ಅಂತ ಮಲ್ಡರ್, ಸ್ಕಲಿ ಇಬ್ಬರೂ ಕಾಯುತ್ತಿದ್ದಾರೆ. ಈ ಕಟ್ಟಡ ಇಬ್ಬರಿಗೂ ಹಳೆಯದು, ಆದರೆ ಈಗ ಇಬ್ಬರೂ ಇಲ್ಲಿನವರಲ್ಲ. ಗೋಡೆಯ ಮೇಲೆ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ಫೋಟೋ. ಕ್ಯಾಮೆರಾ ಅದರ ಮೇಲೆ ನಿಲ್ಲುತ್ತದೆ. ಹಿನ್ನೆಲೆಯಲ್ಲಿ ಆರೇ ಆರು ಸ್ವರದ ಒಂದು ಶಿಳ್ಳೆ. ಆಮೇಲೆ ಎಫ್‌ಬಿಐನ ಹಳೆಯ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಫೋಟೋ. ಯಾರೂ ಏನೂ ಹೇಳುವುದಿಲ್ಲ.

ಅದು ‘ದಿ ಎಕ್ಸ್-ಫೈಲ್ಸ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತ. ಆ ಶಿಳ್ಳೆ ಗೊತ್ತಿದ್ದವರಿಗೆ ನಗು ಬರುತ್ತದೆ. ಗೊತ್ತಿಲ್ಲದವರಿಗೆ ಅದು ಸುಮ್ನೆ ಎರಡು ಫೋಟೋ. 2008ರ ಜುಲೈ 25ರಂದು ತೆರೆಕಂಡ ‘ದಿ ಎಕ್ಸ್-ಫೈಲ್ಸ್: ಐ ವಾಂಟ್ ಟು ಬಿಲೀವ್’ ಸಿನಿಮಾದ ಕಷ್ಟವೆಲ್ಲ ಈ ಒಂದು ದೃಶ್ಯದಲ್ಲೇ ಇದೆ. ಹಳಬರಿಗೆ ಸಿನಿಮಾ ಮಾಡಬೇಕೋ, ಹೊಸಬರಿಗೋ? ಈ ಪ್ರಶ್ನೆ ಆ ವರ್ಷ ಹುಟ್ಟಿದ್ದಲ್ಲ. ಧಾರಾವಾಹಿ ಶುರುವಾದ ಎರಡನೇ ವರ್ಷದಿಂದಲೇ ಅದು ಜೊತೆಗಿತ್ತು.

ಧಾರಾವಾಹಿ ಹುಟ್ಟುಹಾಕಿದ ಕ್ರಿಸ್ ಕಾರ್ಟರ್ ಮೊದಲು ಸರ್ಫಿಂಗ್ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದವರು. ಹುಡುಗನಾಗಿದ್ದಾಗ ‘ಕೋಲ್ಚಾಕ್: ದಿ ನೈಟ್ ಸ್ಟಾಕರ್’ ಎಂಬ ಧಾರಾವಾಹಿ ನೋಡಿ ಬೆಚ್ಚಿಬಿದ್ದಿದ್ದರು. ಅದರಲ್ಲಿ ಒಬ್ಬ ವರದಿಗಾರ ವಾರಕ್ಕೊಂದು ಭೂತ, ಪಿಶಾಚಿಯ ಬೆನ್ನು ಹತ್ತುತ್ತಿದ್ದ. ಅಂಥ ಭಯ ಟಿವಿಯಲ್ಲಿ ಮತ್ತೆ ಯಾಕಿಲ್ಲ ಅನ್ನುವುದು ಕಾರ್ಟರ್ ಅವರ ತಲೆಯಲ್ಲಿತ್ತು. ಜೊತೆಗೆ ಇನ್ನೊಂದು ವಿಷಯವೂ ಸೇರಿತು. ಅವರು ಬೆಳೆದದ್ದು ಅಧ್ಯಕ್ಷ ನಿಕ್ಸನ್ ಅವರನ್ನು ಕೆಳಗಿಳಿಸಿದ ವಾಟರ್‌ಗೇಟ್ ಹಗರಣದ ಕಾಲದಲ್ಲಿ. ಸರ್ಕಾರ ಸುಳ್ಳು ಹೇಳುತ್ತದೆ ಅನ್ನುವುದು ಅಮೆರಿಕದ ಆ ತಲೆಮಾರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಧಾರಾವಾಹಿಯಲ್ಲಿ ಕತ್ತಲಲ್ಲಿ ಬಂದು ಗುಟ್ಟು ಹೇಳುವ ಮೊದಲ ಮಾಹಿತಿದಾರನ ಹೆಸರೇ ‘ಡೀಪ್ ಥ್ರೋಟ್’. ವಾಟರ್‌ಗೇಟ್ ಹಗರಣದಲ್ಲಿ ಪತ್ರಕರ್ತರಿಗೆ ಸುದ್ದಿ ಕೊಟ್ಟವನಿಗೂ ಅದೇ ಹೆಸರಿತ್ತು.

1993ರ ಸೆಪ್ಟೆಂಬರ್ 10, ಶುಕ್ರವಾರ ರಾತ್ರಿ ಫಾಕ್ಸ್ ವಾಹಿನಿಯಲ್ಲಿ ಮೊದಲ ಕಂತು ಬಂತು. ಎಫ್‌ಬಿಐನ ನೆಲಮಾಳಿಗೆಯಲ್ಲಿ ಒಂದು ಕೋಣೆ. ಗೋಡೆಯಲ್ಲಿ ಹಾರುವ ತಟ್ಟೆಯ ಪೋಸ್ಟರ್, ಅದರ ಕೆಳಗೆ ‘ಐ ವಾಂಟ್ ಟು ಬಿಲೀವ್’. ಅಂದರೆ, ನನಗೆ ನಂಬುವ ಆಸೆ. ನಂಬಿದ್ದೇನೆ ಅಂತಲ್ಲ, ಗಮನಿಸಿ. ಆ ಕೋಣೆಯಲ್ಲಿ ಎಕ್ಸ್-ಫೈಲ್ಸ್ ಎಂಬ ಬಗೆಹರಿಯದ ವಿಚಿತ್ರ ಕೇಸುಗಳನ್ನು ನೋಡಿಕೊಳ್ಳುವ ಏಜೆಂಟ್ ಫಾಕ್ಸ್ ಮಲ್ಡರ್, ಅಂದರೆ ಡೇವಿಡ್ ಡುಕೋವ್ನಿ. ಇವನ ಮೇಲೆ ಕಣ್ಣಿಡಲು ಮೇಲಧಿಕಾರಿಗಳು ಕಳಿಸಿದ ಡಾಕ್ಟರು ಡೇನಾ ಸ್ಕಲಿ, ಅಂದರೆ ಜಿಲಿಯನ್ ಆಂಡರ್ಸನ್. ಗಂಡಸು ನಂಬುವವನು, ಹೆಂಗಸು ಪುರಾವೆ ಕೇಳುವವಳು. ಆಗಿನ ಟಿವಿಯಲ್ಲಿ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತಿತ್ತು. ಈ ಪಾತ್ರಕ್ಕೆ ಇನ್ನೂ ಗ್ಲಾಮರ್ ಇರುವ ನಟಿ ಬೇಕು ಅಂತ ವಾಹಿನಿಯವರು ಹಟ ಹಿಡಿದಿದ್ದರು. ಕಾರ್ಟರ್ ಬಗ್ಗಲಿಲ್ಲ. ಆಗ ಆಂಡರ್ಸನ್‌ಗೆ 24 ವರ್ಷ.

ಶೀರ್ಷಿಕೆ ಸಂಗೀತದ ಕತೆ ನನಗೆ ತುಂಬಾ ಇಷ್ಟ. ಸಂಗೀತ ನಿರ್ದೇಶಕ ಮಾರ್ಕ್ ಸ್ನೋ ಹಲವು ಟ್ಯೂನ್ ಮಾಡಿ ಕೊಟ್ಟರೂ ಕಾರ್ಟರ್‌ಗೆ ಹಿಡಿಸಿರಲಿಲ್ಲ. ಒಂದು ದಿನ ಬೇಸತ್ತು ಮೊಣಕೈಯನ್ನು ಕೀಬೋರ್ಡ್ ಮೇಲೆ ಊರಿದರು. ಪ್ರತಿಧ್ವನಿಯ ಸ್ವಿಚ್ ಆನ್ ಆಗಿತ್ತು. ಹೊರಟ ಸದ್ದು ಸುತ್ತಿ ಸುತ್ತಿ ಬಂತು. ಅದರ ಮೇಲೆ ಯಂತ್ರದಲ್ಲಿದ್ದ ಶಿಳ್ಳೆಯ ದನಿ, ಅದಕ್ಕೆ ಹೆಂಡತಿಯ ನಿಜವಾದ ಶಿಳ್ಳೆ ಬೆರೆಸಿದರು. ಅಷ್ಟೇ. ಆ ಟ್ಯೂನ್ ಇವತ್ತಿಗೂ ‘ಇಲ್ಲೇನೋ ವಿಚಿತ್ರ ನಡೀತಿದೆ’ ಅನ್ನುವುದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕೇಬಲ್ ಬಂದ ಹೊಸತರಲ್ಲಿ ಸ್ಟಾರ್ ವಾಹಿನಿಗಳಲ್ಲಿ ಇದನ್ನು ನೋಡಿದ ನಮ್ಮಂಥವರಿಗೆ ಅರ್ಧ ಇಂಗ್ಲಿಷ್ ಅರ್ಥ ಆಗುತ್ತಿರಲಿಲ್ಲ. ಆ ಶಿಳ್ಳೆ ಮಾತ್ರ ಪೂರ್ತಿ ಅರ್ಥವಾಗುತ್ತಿತ್ತು.

ಮೊದಲ ವರ್ಷ ಲೆಕ್ಕ ಸರಳವಾಗಿತ್ತು. ವಾರಕ್ಕೊಂದು ಕೇಸು, ವಾರಕ್ಕೊಂದು ಪ್ರಾಣಿ. ಅಭಿಮಾನಿಗಳು ಇಂಥ ಕಂತುಗಳನ್ನು ‘ಮಾನ್‌ಸ್ಟರ್ ಆಫ್ ದಿ ವೀಕ್’ ಅಂತ ಕರೆದರು. ನಡುನಡುವೆ ಏಲಿಯನ್, ಅಂದರೆ ಅನ್ಯಗ್ರಹ ಜೀವಿಗಳ ಕತೆಯೂ ಬರುತ್ತಿತ್ತು, ನಿಜ. ಆದರೆ ಅದು ದೊಡ್ಡ ಮರವಾಗಿ ಬೆಳೆದದ್ದಕ್ಕೆ ಕಾರಣ ಯಾವ ಯೋಜನೆಯೂ ಅಲ್ಲ, ಒಂದು ಬಸಿರು. ಆಂಡರ್ಸನ್ ಗರ್ಭಿಣಿಯಾದರು. ಪಾತ್ರಕ್ಕೆ ಬೇರೆಯವರನ್ನು ತರುವ ಮಾತು ಬಂದರೂ ಕಾರ್ಟರ್ ಒಪ್ಪಲಿಲ್ಲ. ಉದ್ದ ಕೋಟು ಹಾಕಿಸಿದರು, ಮೇಜಿನ ಹಿಂದೆ ಕೂರಿಸಿದರು, ಮುಖ ಮಾತ್ರ ಕಾಣುವಂತೆ ಕ್ಯಾಮೆರಾ ಇಟ್ಟರು. ಕೊನೆಗೆ ಹೆರಿಗೆಯ ಹೊತ್ತಿಗೆ ಸ್ಕಲಿಯನ್ನು ಅಪಹರಣ ಮಾಡಿಸಿಬಿಟ್ಟರು. ಯಾರು ಎತ್ತಿಕೊಂಡು ಹೋದರು? ಏಲಿಯನ್ನೋ, ಸರ್ಕಾರವೋ? ಅವಳಿಗೆ ಏನು ಮಾಡಿದರು? ಈ ಪ್ರಶ್ನೆಗಳೇ ಮುಂದೆ ಏಳೆಂಟು ವರ್ಷದ ಸಂಚಿನ ಕತೆಗೆ ಬೀಜವಾದವು.

ಇನ್ನೊಂದು ಬೀಜ ಸಿಗರೇಟು ಸೇದುವ ಆಸಾಮಿ. ಮೊದಲ ಕಂತಿನಲ್ಲಿ ವಿಲಿಯಂ ಬಿ. ಡೇವಿಸ್‌ಗೆ ಒಂದೂ ಮಾತಿಲ್ಲ. ಮೂಲೆಯಲ್ಲಿ ನಿಂತು ಹೊಗೆ ಬಿಡುವುದಷ್ಟೇ ಕೆಲಸ. ನೋಡುಗರು ಅವನನ್ನು ಬಿಡಲಿಲ್ಲ. ಕೊನೆಗೆ ಇಡೀ ಧಾರಾವಾಹಿಯ ಖಳನಾಯಕ ಅವನೇ ಆದ.

ಇಲ್ಲಿಂದ ಧಾರಾವಾಹಿ ಎರಡು ದಾರಿಯಲ್ಲಿ ನಡೆಯಿತು. ಒಂದು ವಾರ ಬಿಡಿ ಕತೆ, ಇನ್ನೊಂದು ವಾರ ಸಂಚಿನ ಕತೆ. ಸಂಚಿನ ಕತೆಯಲ್ಲಿ ಒಂದು ಗಂಟು ಬಿಚ್ಚುವಷ್ಟರಲ್ಲಿ ಎರಡು ಹೊಸ ಗಂಟು ಬೀಳುತ್ತಿತ್ತು. ಮೂಗಿಗೆ ತುಪ್ಪ ಸವರುವುದು ಅಂತಾರಲ್ಲ, ಅದೇ. ವಾರ ವಾರ ಬರುವ ಟಿವಿಗೆ ಇದು ಹೇಳಿ ಮಾಡಿಸಿದ ಉಪಾಯ. 1997ರ ಜನವರಿ 26ರಂದು ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯ ಮುಗಿದ ಮೇಲೆ ಬಂದ ಒಂದು ಕಂತನ್ನು ಸುಮಾರು 2.9 ಕೋಟಿ ಜನ ನೋಡಿದರು. ತಮಾಷೆ ಅಂದರೆ, ಅದು ಬಹುಮಟ್ಟಿಗೆ ಬಿಡಿ ಕತೆ.

ಟಿವಿ ಓಡುತ್ತಿರುವಾಗಲೇ ಸಿನಿಮಾ ಮಾಡುವ ಸಾಹಸಕ್ಕೂ ಕೈಹಾಕಿದರು. ಮೊದಲ ಸಿನಿಮಾದ ಚಿತ್ರೀಕರಣ 1997ರ ಬೇಸಿಗೆಯಲ್ಲಿ, ನಾಲ್ಕು ಮತ್ತು ಐದನೇ ಸೀಸನ್‌ಗಳ ನಡುವಿನ ರಜೆಯಲ್ಲಿ ನಡೆಯಿತು. ಬಿಡುಗಡೆ ಐದನೇ ಸೀಸನ್ ಮುಗಿದ ಮೇಲೆ, 1998ರ ಜೂನ್ 19ಕ್ಕೆ. ಅಂದರೆ ಕತೆಯ ಮುಂದಿನ ಭಾಗ ಡಬ್ಬದಲ್ಲಿ ಸಿದ್ಧವಾಗಿ ಕೂತಿದೆ, ಅದಕ್ಕೆ ತಾಳೆಯಾಗುವಂತೆ ಹಿಂದಿನ 20 ಕಂತು ಬರೆಯಬೇಕು! ಗುಟ್ಟು ಹೊರಬೀಳದಿರಲಿ ಅಂತ ಚಿತ್ರಕತೆಯನ್ನು ಜೆರಾಕ್ಸ್ ಮಾಡಲಾಗದ ಕೆಂಪು ಹಾಳೆಯಲ್ಲಿ ಮುದ್ರಿಸಿದ್ದರು. ಸುಮಾರು 6.6 ಕೋಟಿ ಡಾಲರ್ ಹಾಕಿದ ಸಿನಿಮಾ ಜಗತ್ತಿನಾದ್ಯಂತ 18.9 ಕೋಟಿಯಷ್ಟು ತಂದಿತು. ಹೊಸಬರಿಗೆ ತಲೆಬುಡ ಅರ್ಥವಾಗಲಿಲ್ಲ ಅನ್ನುವ ದೂರು ಆಗಲೇ ಬಂದಿತ್ತು. ದುಡ್ಡು ಬಂದದ್ದರಿಂದ ಅದು ಯಾರ ಕಿವಿಗೂ ಬೀಳಲಿಲ್ಲ.

ಅದೇ ವರ್ಷ ಚಿತ್ರೀಕರಣ ಕೆನಡಾದ ವ್ಯಾಂಕೂವರ್‌ನಿಂದ ಲಾಸ್ ಏಂಜಲೀಸ್‌ಗೆ ಹೋಯಿತು. ಡುಕೋವ್ನಿಗೆ ಹೆಂಡತಿಯ ಹತ್ತಿರ ಇರಬೇಕಿತ್ತು. ವ್ಯಾಂಕೂವರ್ ಮಳೆಯ ಬಗ್ಗೆ ಅವರು ಟಿವಿ ಶೋ ಒಂದರಲ್ಲಿ ಮಾಡಿದ ತಮಾಷೆಗೆ ಅಲ್ಲಿನ ಜನ ಸಿಟ್ಟಾದದ್ದೂ ಉಂಟು. ಆ ಮಳೆ, ಆ ದಟ್ಟ ಕಾಡು, ಮಂಜಿನೊಳಗೆ ಕಡ್ಡಿಯ ಹಾಗೆ ನಿಲ್ಲುವ ಟಾರ್ಚಿನ ಬೆಳಕು, ಧಾರಾವಾಹಿಯ ಅರ್ಧ ಭಯ ಅವುಗಳದ್ದೇ ಆಗಿತ್ತು ಅನ್ನುವವರಲ್ಲಿ ನಾನೂ ಒಬ್ಬ. ಹಾಗಂತ ಬಿಸಿಲಿನಿಂದ ಲಾಭವೇ ಇಲ್ಲ ಅನ್ನುವಂತಿಲ್ಲ. ಹೊಸ ಜಾಗದಲ್ಲಿ ವಿನ್ಸ್ ಗಿಲಿಗನ್ ಬರೆದ ‘ಡ್ರೈವ್’ ಎಂಬ ಕಂತಿನಲ್ಲಿ ಬ್ರಯಾನ್ ಕ್ರ್ಯಾನ್‌ಸ್ಟನ್ ನಟಿಸಿದರು. ಹತ್ತು ವರ್ಷದ ಮೇಲೆ ಅದೇ ಇಬ್ಬರು ಸೇರಿ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿ ಮಾಡಿದರು.

ಆಮೇಲೆ ಶುರುವಾದದ್ದು ದುಡ್ಡಿನ ಜಗಳ. ಮರುಪ್ರಸಾರದ ಹಕ್ಕನ್ನು ತನ್ನದೇ ಬಳಗದ ವಾಹಿನಿಗಳಿಗೆ ಅಗ್ಗಕ್ಕೆ ಕೊಟ್ಟು ನನ್ನ ಪಾಲು ತಿಂದಿದೆ ಅಂತ ಡುಕೋವ್ನಿ 1999ರಲ್ಲಿ ಫಾಕ್ಸ್ ಮೇಲೆ ಕೇಸು ಹಾಕಿದರು. ಮರುವರ್ಷ ರಾಜಿಯಾಯಿತು. ಆದರೆ ಆಮೇಲೆ ಅವರು ಪೂರ್ಣಾವಧಿಗೆ ಉಳಿಯಲಿಲ್ಲ. ಹೊಸ ಮುಖಗಳು ಬಂದವು. 2002ರ ಮೇ 19ರಂದು, 202 ಕಂತುಗಳ ನಂತರ ಧಾರಾವಾಹಿ ಮುಗಿಯಿತು. ನೋಡುಗರು ಉತ್ತುಂಗದ ದಿನಗಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದರು.

ಅದಕ್ಕೆ ಡುಕೋವ್ನಿ ಹೋದದ್ದಷ್ಟೇ ಕಾರಣವಲ್ಲ. ನಡುವೆ 2001ರ ಸೆಪ್ಟೆಂಬರ್ 11 ಬಂದು ಹೋಗಿತ್ತು. ಸರ್ಕಾರವನ್ನು ಅನುಮಾನಿಸುವ ಹಳೆಯ ರುಚಿ ಅಮೆರಿಕಕ್ಕೆ ಆ ಹೊತ್ತಿನಲ್ಲಿ ಬೇಡವಾಗಿತ್ತು. ಇದರಲ್ಲೊಂದು ಮೈ ಜುಮ್ಮೆನ್ನುವ ಕಾಕತಾಳೀಯವಿದೆ. ಎಕ್ಸ್-ಫೈಲ್ಸ್‌ನಿಂದ ಕವಲೊಡೆದ ‘ದಿ ಲೋನ್ ಗನ್‌ಮೆನ್’ ಧಾರಾವಾಹಿಯ ಮೊದಲ ಕಂತಿನಲ್ಲಿ ವಿಮಾನವೊಂದನ್ನು ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಗುದ್ದಿಸುವ ಸಂಚಿದೆ. ಅದು ಪ್ರಸಾರವಾದದ್ದು 2001ರ ಮಾರ್ಚ್ 4ಕ್ಕೆ.

ಕೊನೆಯ ಕಂತು ಒಂದು ತಾರೀಖು ಬಿಟ್ಟು ಹೋಯಿತು. 2012ರ ಡಿಸೆಂಬರ್ 22. ಅಂದು ಏಲಿಯನ್‌ಗಳ ದಾಳಿ. ಇನ್ನು ಹತ್ತು ವರ್ಷವಿದೆ, ಅಷ್ಟರಲ್ಲಿ ಒಂದು ಸಿನಿಮಾ ಬಂದು ಇದನ್ನು ಇತ್ಯರ್ಥ ಮಾಡುತ್ತದೆ ಅಂತ ಅಭಿಮಾನಿಗಳು ಕಾದರು. ಮಲ್ಡರ್-ಸ್ಕಲಿ ಒಂದಾಗಲಿ ಅಂತ ಹರಕೆ ಹೊತ್ತವರ ಗುಂಪೇ ಬೇರೆ. ಇವತ್ತು ಹುಡುಗ ಹುಡುಗಿಯರು ‘ಶಿಪ್ಪಿಂಗ್’ ಅನ್ನುತ್ತಾರಲ್ಲ, ಆ ಪದ ಚಾಲ್ತಿಗೆ ಬಂದದ್ದು ಈ ಗುಂಪಿನಿಂದಲೇ.

ಸಿನಿಮಾ ಬೇಗ ಬರಲಿಲ್ಲ. ಈ ಸಲ ಕಾರ್ಟರ್ ಅವರೇ ಆದಾಯದ ಹಂಚಿಕೆ ವಿಚಾರದಲ್ಲಿ ಫಾಕ್ಸ್ ಜೊತೆ ಕೋರ್ಟು ಹತ್ತಿದ್ದರು. ಅದು ಬಗೆಹರಿಯುವ ಹೊತ್ತಿಗೆ ಹಾಲಿವುಡ್ ಬರಹಗಾರರ ಮುಷ್ಕರ ಬಾಗಿಲಿಗೆ ಬಂದಿತ್ತು. ಈಗ ಮಾಡದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನುವ ಸ್ಥಿತಿ. ಕಾರ್ಟರ್ ಮತ್ತು ಧಾರಾವಾಹಿಯ ಬರಹಗಾರ ಫ್ರಾಂಕ್ ಸ್ಪಾಟ್ನಿಟ್ಜ್ ಗಡಿಬಿಡಿಯಲ್ಲಿ ಬರೆದು ಮುಗಿಸಿದರು. 2007ರ ನವೆಂಬರ್ 5ರಂದು ಮುಷ್ಕರ ಶುರುವಾಯಿತು, ಡಿಸೆಂಬರ್‌ನಲ್ಲಿ ಚಿತ್ರೀಕರಣ. ಮುಷ್ಕರದ ನಿಯಮದ ಪ್ರಕಾರ ಸೆಟ್‌ನಲ್ಲಿ ಚಿತ್ರಕತೆ ತಿದ್ದುವಂತಿಲ್ಲ. ಒಂದು ದೃಶ್ಯ ಸಪ್ಪೆ ಅನ್ನಿಸಿದರೂ ಬರೆದದ್ದನ್ನೇ ತೆಗೆಯಬೇಕು. ಬಜೆಟ್ 3 ಕೋಟಿ ಡಾಲರ್, ಮೊದಲ ಸಿನಿಮಾದ ಅರ್ಧಕ್ಕೂ ಕಡಿಮೆ. ಒಂದು ಸಮಾಧಾನವೆಂದರೆ ತಂಡ ಮತ್ತೆ ವ್ಯಾಂಕೂವರ್ ಕಡೆಗೆ ಹೋಯಿತು. ಪೆಂಬರ್ಟನ್‌ನ ಹಿಮದಲ್ಲಿ ಕ್ಯಾಮೆರಾ ಇಟ್ಟಿತು.

ಆ ಹಿಮವೇ ಸಿನಿಮಾದ ಅತ್ಯುತ್ತಮ ಪಾತ್ರ. ಎಫ್‌ಬಿಐ ಏಜೆಂಟುಗಳು ಸಾಲಾಗಿ ನಿಂತು ಉದ್ದ ಕೋಲಿನಿಂದ ಹಿಮ ಚುಚ್ಚುತ್ತಾ ನಡೆಯುತ್ತಾರೆ. ಮುಂದೆ ಕೆದರಿದ ಬಿಳಿ ಕೂದಲಿನ ಒಬ್ಬ ಮುದುಕ ಓಡುತ್ತಾನೆ. ಅವನಿಗೆ ಏನೋ ‘ಕಾಣಿಸುತ್ತಿದೆ’. ಕೈ ತೋರಿಸಿದ ಕಡೆ ಅಗೆದರೆ ಕಡಿದ ತೋಳು. ಈ ಫಾದರ್ ಜೋ ಪಾತ್ರ ಮಾಡಿದವರು ಸ್ಕಾಟ್ಲೆಂಡಿನ ಹಾಸ್ಯನಟ ಬಿಲ್ಲಿ ಕನೊಲಿ. ಜೋ ಬಾಲಕರ ಮೇಲೆ ಅತ್ಯಾಚಾರ ಮಾಡಿ ಶಿಕ್ಷೆಯಾದ ಪಾದ್ರಿ. ಬೋಸ್ಟನ್‌ನ ಚರ್ಚು ಹಗರಣ 2002ರಲ್ಲಿ ಬಯಲಾದ ಮೇಲೆ ಅಮೆರಿಕದಲ್ಲಿ ಇಂಥ ಪಾತ್ರಕ್ಕೆ ಇರುವ ಭಾರವೇ ಬೇರೆ. ದೇವರು ಮಾತಾಡುವುದೇ ಆದರೆ ಇಂಥವನ ಬಾಯಿಂದ ಮಾತಾಡುತ್ತಾನಾ? ದೈವಭಕ್ತೆಯೂ ಆದ ಸ್ಕಲಿಗೆ ಇದು ಸಹಿಸಲಾಗದ ಪ್ರಶ್ನೆ. ಅಪರಾಧಿಗಳ ಗುಟ್ಟಿನ ಬೇರು ರಷ್ಯಾದಲ್ಲಿದೆ. ಸೋವಿಯತ್ ಸರ್ಜನ್ ವ್ಲಾಡಿಮಿರ್ ಡೆಮಿಖೋವ್ 1950ರ ದಶಕದಲ್ಲಿ ಒಂದು ನಾಯಿಗೆ ಇನ್ನೊಂದರ ತಲೆ ಕಸಿ ಮಾಡಿದ್ದರು. ಸಿನಿಮಾದ ಎರಡು ತಲೆಯ ನಾಯಿ ನೋಡಿ ‘ಇದೆಲ್ಲ ಬರೀ ಬುರುಡೆ’ ಅಂದುಕೊಳ್ಳಬೇಡಿ.

ಏಲಿಯನ್ ಇಲ್ಲ. ಸಂಚಿಲ್ಲ. 2012ರ ಮಾತೇ ಇಲ್ಲ. ಹೊಸಬರೂ ನೋಡಲಿ ಅಂತ ಬಿಡಿ ಕತೆ ಆರಿಸಿದ್ದರು. ಲೆಕ್ಕ ಎರಡೂ ಕಡೆ ತಪ್ಪಿತು. ಆರು ವರ್ಷ ಕಾದವರಿಗೆ ಕೇಳಿದ್ದು ಸಿಗಲಿಲ್ಲ. ಹೊಸಬರಿಗೆ ಈ ಗಡ್ಡದವನೂ ಡಾಕ್ಟರಮ್ಮನೂ ಒಬ್ಬರನ್ನೊಬ್ಬರು ಅಷ್ಟು ನೋವಿನಿಂದ ಯಾಕೆ ನೋಡುತ್ತಾರೆ ಅಂತ ತಿಳಿಯಲಿಲ್ಲ. ಬಿಡುಗಡೆಯ ದಿನವೋ, ಕೇಳಲೇಬೇಡಿ. ಒಂದು ವಾರ ಮೊದಲು ಬ್ಯಾಟ್‌ಮ್ಯಾನ್ ಸಿನಿಮಾ ‘ದಿ ಡಾರ್ಕ್ ನೈಟ್’ ಬಂದಿತ್ತು. ಎರಡನೇ ವಾರಾಂತ್ಯದಲ್ಲೂ ಅದು ಅಮೆರಿಕದಲ್ಲಿ ಸುಮಾರು 7.5 ಕೋಟಿ ಡಾಲರ್ ಬಾಚಿತು. ಎಕ್ಸ್-ಫೈಲ್ಸ್‌ಗೆ ಬಂದದ್ದು 1 ಕೋಟಿ, ನಾಲ್ಕನೇ ಸ್ಥಾನ. ಒಟ್ಟು ಗಳಿಕೆ ಜಗತ್ತಿನಾದ್ಯಂತ 6.8 ಕೋಟಿಯ ಆಸುಪಾಸು. ಅದರಲ್ಲೂ ಮೂರನೇ ಎರಡು ಭಾಗ ಅಮೆರಿಕದ ಹೊರಗಿನದು.

ಸಿನಿಮಾ ಕೆಟ್ಟದು ಅಂತ ನನಗನ್ನಿಸುವುದಿಲ್ಲ. ಅದು ಅಳತೆ ತಪ್ಪಿದ ಅಂಗಿ. 43 ನಿಮಿಷದ ಕಂತಾಗಿ ಬಂದಿದ್ದರೆ ಜನ ಇವತ್ತಿಗೂ ಮೆಚ್ಚಿಕೊಂಡು ಮಾತಾಡುತ್ತಿದ್ದರೇನೋ. 2016ರಲ್ಲಿ ಧಾರಾವಾಹಿ ಆರು ಕಂತಿಗೆ ಮರಳಿದಾಗ ಇದಕ್ಕೆ ಸಾಕ್ಷಿಯೂ ಸಿಕ್ಕಿತು. ಸಂಚಿನ ಕತೆಯ ಕಂತುಗಳಿಗೆ ಬೈಗುಳ ಬಿತ್ತು. ಡ್ಯಾರಿನ್ ಮಾರ್ಗನ್ ಬರೆದ, ಮನುಷ್ಯನಾಗಿ ಬದಲಾಗುವ ಶಾಪ ತಟ್ಟಿದ ಹಲ್ಲಿಯಂಥ ಪ್ರಾಣಿಯ ಬಿಡಿ ಕತೆಯನ್ನು ಎಲ್ಲರೂ ಎತ್ತಿ ಮೆರೆಸಿದರು. ಆ ಹೊತ್ತಿಗೆ ಡಿಸೆಂಬರ್ 22 ಬಂದು ಹೋಗಿ ಮೂರು ವರ್ಷವಾಗಿತ್ತು. ಇನ್ನೊಂದು ಸುದ್ದಿಯೂ ಆಗ ಹೊರಬಿತ್ತು. ಮರಳಿ ಬರಲು ಆಂಡರ್ಸನ್‌ಗೆ ಮೊದಲು ಡುಕೋವ್ನಿಯ ಅರ್ಧ ಸಂಭಾವನೆ ಹೇಳಿದ್ದರಂತೆ. 1990ರ ದಶಕದಲ್ಲೇ ಜಗಳ ಮಾಡಿ ಸಮ ಮಾಡಿಸಿಕೊಂಡದ್ದನ್ನು ಆಕೆ ಇನ್ನೊಮ್ಮೆ ಮಾಡಬೇಕಾಯಿತು. 2018ರಲ್ಲಿ ಮತ್ತೆ ಹತ್ತು ಕಂತು ಬಂದವು, ಆಕೆ ಇನ್ನು ಸಾಕು ಅಂದರು. ನಿರ್ದೇಶಕ ರಯಾನ್ ಕೂಗ್ಲರ್ ಹೊಸ ತಾರಾಗಣದೊಂದಿಗೆ ಇದನ್ನು ಮತ್ತೆ ಕಟ್ಟಲಿದ್ದಾರೆ ಅಂತ 2023ರಲ್ಲಿ ಕಾರ್ಟರ್ ಹೇಳಿದರು.

2008ರ ಸಿನಿಮಾವನ್ನು ಈಗ ನೋಡುವವರಿಗೆ ಒಂದು ಮಾತು. ಹೆಸರುಗಳು ಓಡುವಾಗ ಎದ್ದು ಹೋಗಬೇಡಿ. ಹಿಮ, ಕತ್ತಲೆ ಎಲ್ಲ ಕರಗಿ ನೀಲಿ ಸಮುದ್ರ ಬರುತ್ತದೆ. ಪುಟ್ಟ ದೋಣಿ. ಮಲ್ಡರ್ ಹುಟ್ಟು ಹಾಕುತ್ತಿದ್ದಾನೆ, ಎದುರಿಗೆ ಸ್ಕಲಿ ಕೂತಿದ್ದಾಳೆ. ಕ್ಯಾಮೆರಾ ಮೇಲಿನಿಂದ ಹಾದು ಬರುತ್ತದೆ. ಇಬ್ಬರೂ ತಲೆಯೆತ್ತಿ ನೋಡಿ, ನಮ್ಮ ಕಡೆಗೆ ಕೈ ಬೀಸುತ್ತಾರೆ.