ಸಿಂಧಿಗೆ ಎರಡು ಲಿಪಿ ಅಂಟಿಕೊಂಡದ್ದು ಹೇಗೆ?

ಸಿಂಧಿಯಲ್ಲಿ ‘ಬಾರು’ ಎಂದರೆ ಹೊರೆ. ಅದೇ ಬಕಾರವನ್ನು ಗಾಳಿ ಒಳಕ್ಕೆಳೆದು ನುಡಿದರೆ ಮಗು. ತುಟಿ ಮುಚ್ಚಿ, ಗಂಟಲಗೂಡನ್ನು ಕೆಳಗಿಳಿಸಿ ತುಟಿ ಬಿಡಬೇಕು. ಗಾಳಿ ಹೊರಗೆ ಸಿಡಿಯದೆ ಒಳಗೆ ನುಗ್ಗುತ್ತದೆ. ಗ, ಜ, ಡ, ಬ ನಾಲ್ಕಕ್ಕೂ ಇಂಥ ಜೋಡಿ ಧ್ವನಿ ಉಂಟು. ಇವನ್ನು ಬರೆಯುವುದು ಯಾವ ಲಿಪಿಗೂ ಸುಲಭವಲ್ಲ.

1843ರಲ್ಲಿ ಬ್ರಿಟಿಷರು ಸಿಂಧ್ ಗೆದ್ದಾಗ ದರಬಾರಿನ ಬರಹ ಪಾರಸಿಯಲ್ಲಿತ್ತು. ಹಿಂದೂ ವರ್ತಕರ ಲೆಕ್ಕ ಖುದಾಬಾದಿ ಲಿಪಿಯಲ್ಲಿ, ಖೋಜಾ ಮುಸ್ಲಿಮರ ಭಕ್ತಿಪದಗಳು ಖೋಜ್ಕಿ ಲಿಪಿಯಲ್ಲಿ. ವರ್ತಕರು ಸ್ವರಚಿಹ್ನೆ ಬಿಟ್ಟೇ ಬರೆಯುತ್ತಿದ್ದರಿಂದ ಬೇರೆಯವರಿಗೆ ಅದನ್ನು ಓದುವುದು ಕಷ್ಟ. ಅಧಿಕಾರಿಗಳಲ್ಲಿ ಜಾರ್ಜ್ ಸ್ಟ್ಯಾಕ್ ದೇವನಾಗರಿ ಸಾಕೆಂದರು, ರಿಚರ್ಡ್ ಬರ್ಟನ್ ಅರಬ್ಬಿಯೇ ಬೇಕೆಂದರು. 1853ರಲ್ಲಿ ಅರಬ್ಬಿ ಮೂಲದ 52 ಅಕ್ಷರಗಳ ಲಿಪಿ ಗೆದ್ದಿತು.

ಆ ಲಿಪಿಯ ಜಾಣ್ಮೆ ಚುಕ್ಕಿಗಳಲ್ಲಿದೆ. ದೋಣಿಯಂಥ ಒಂದೇ ರೇಖೆಯ ಕೆಳಗೆ ಒಂದು ಚುಕ್ಕಿಯಿಟ್ಟರೆ ಬ, ಒಂದರಡಿ ಒಂದರಂತೆ ಎರಡಿಟ್ಟರೆ ಒಳಗೆಳೆಯುವ ಬ, ಮೂರಾದರೆ ಪ, ನಾಲ್ಕಾದರೆ ಭ. ಉರ್ದು ಕೀಬೋರ್ಡಿನಲ್ಲಿ ಇದನ್ನು ಬರೆಯಹೊರಟರೆ ಎಡವಟ್ಟು: ಉರ್ದುವಿನ ‘ಕ’ ಅಕ್ಷರ ಸಿಂಧಿಯಲ್ಲಿ ‘ಖ’. ಹ್ರಸ್ವ ಸ್ವರವನ್ನು ಸಾಮಾನ್ಯವಾಗಿ ಬರೆಯದಿರುವುದೂ ತೊಡಕೇ. ಸಿಂಧಿಯ ಪದಗಳೂ ಕನ್ನಡದಂತೆ ಸ್ವರದಲ್ಲೇ ಮುಗಿಯುತ್ತವೆ: ‘ಘರು’ ಒಂದು ಮನೆ, ‘ಘರ’ ಹಲವು ಮನೆ. ಬರಹದಲ್ಲಿ ಎರಡೂ ಒಂದೇ.

1947ರಲ್ಲಿ ಸಿಂಧಿ ಹಿಂದೂಗಳು ಕಲ್ಯಾಣ್ ಬಳಿಯ ಸೇನಾ ಶಿಬಿರಕ್ಕೆ (ಇಂದಿನ ಉಲ್ಲಾಸನಗರ), ಅಜ್ಮೀರ್, ಕಛ್‌ಗಳಿಗೆ ಬಂದರು. ಹಿಂದಿ ಪ್ರದೇಶದ ಮಕ್ಕಳಿಗೆ ನಾಗರಿ ಹತ್ತಿರ. ಆದರೆ ಸಿಂಧಿಯ ಮಹಾಕವಿ ಶಾ ಅಬ್ದುಲ್ ಲತೀಫರ ಕಾವ್ಯ, ಅಜ್ಜಂದಿರ ಕಾಗದಪತ್ರ ಎಲ್ಲ ಅರಬ್ಬಿ ಲಿಪಿಯಲ್ಲಿ. ಸರ್ಕಾರ ಎರಡೂ ಲಿಪಿಗಳನ್ನು ಒಪ್ಪಿತು. 1967ರ ಏಪ್ರಿಲ್‌ನಲ್ಲಿ ಸಿಂಧಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದರೂ ಲಿಪಿ ಒಂದಾಗಲಿಲ್ಲ. ಕೊಂಕಣಿಯ ಲಿಪಿ ಜಗಳ ಕಂಡ ನಮಗೆ ಇದು ಅಪರಿಚಿತವಲ್ಲ. ಆದರೆ ಕೊಂಕಣಿಗೆ ಕರಾವಳಿಯ ನೆಲವಿದೆ. ಭಾರತದ ಸಿಂಧಿಗೆ ತನ್ನದೆಂಬ ರಾಜ್ಯವಿಲ್ಲ. ಇಷ್ಟು ಚಿಕ್ಕ ಓದುಗರ ಬಳಗ ಲಿಪಿಯಿಂದ ಇಬ್ಭಾಗವಾದದ್ದು ನಿಜಕ್ಕೂ ದೊಡ್ಡ ನಷ್ಟ.

ನಾಗರಿಯಲ್ಲಿ ಆ ನಾಲ್ಕು ಧ್ವನಿಗೆ ಅಕ್ಷರದಡಿ ಅಡ್ಡಗೆರೆ ಎಳೆಯುತ್ತಾರೆ. ಕಂಪ್ಯೂಟರಿನಲ್ಲಿ ಮೊದಲು ಸಾದಾ ಅಕ್ಷರಕ್ಕೆ ವೇದಪಾಠದ ಅನುದಾತ್ತ ಗೆರೆ ಸೇರಿಸುತ್ತಿದ್ದರು; 2006ರಲ್ಲಿ ಯೂನಿಕೋಡ್ ಪ್ರತ್ಯೇಕ ಅಕ್ಷರಗಳನ್ನೇ ಕೊಟ್ಟಿತು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹಾಗಾಗಿ ಹೊಸ ಅಕ್ಷರದಿಂದ ಹುಡುಕಿದರೆ ಹಳೆಯ ಕಡತ ಸಿಗದೆ ಹೋಗಬಹುದು. ಹಿಂದಿ ಕೀಬೋರ್ಡ್ ಬಿಟ್ಟು ಸಿಂಧಿ ದೇವನಾಗರಿಯದನ್ನೇ ಹಾಕಿಕೊಳ್ಳಬೇಕು. ಹಳೆಯ ಕಡತಗಳಲ್ಲಿ ಈ ನಾಲ್ಕನ್ನೂ ಒಂದೊಂದಾಗಿ ಹುಡುಕಿ ಬದಲಿಸಿ, ಆಮೇಲೆ ಅಚ್ಚಿಗೆ ಕಳಿಸಬೇಕು.