ಏಣಿ ಜಾರುವುದು ಮೇಲೇರಿದ ಮೇಲೆ

ಕಾಫಿ ಮುಗಿದು ಕರಿಮೆಣಸಿನ ಕೊಯ್ಲು ಶುರುವಾಯಿತೆಂದರೆ ಕೊಡಗಿನ ತೋಟಗಳಲ್ಲಿ ಎಲ್ಲಿ ನೋಡಿದರೂ ಏಣಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸುವುದು, ಮೊದಲ ಮೆಟ್ಟಿಲ ಮೇಲೆ ನಿಂತು ಒಂದೆರಡು ಸಲ ಕುಲುಕುವುದು, ಅಲ್ಲಾಡಲಿಲ್ಲವಾದರೆ ಗಟ್ಟಿಯಾಗಿದೆ ಎಂದು ಹತ್ತಿಬಿಡುವುದು ವಾಡಿಕೆ. ಏಣಿಯ ಕಾಲು ಮಣ್ಣಿನಲ್ಲಿ ಊರಿಕೊಳ್ಳಲು ಅದರಿಂದ ಅನುಕೂಲವಾಗುತ್ತದೆ, ನಿಜ. ಆದರೆ ಮೇಲೆ ಹೋದಾಗ ಏಣಿ ಜಾರುತ್ತದೆಯೇ ಎಂಬುದನ್ನು ಆ ಪರೀಕ್ಷೆ ಹೇಳುವುದೇ ಇಲ್ಲ. ಮಡಿಕೇರಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುವ ನಾನು ಸಮತೋಲದ ಅಧ್ಯಾಯಕ್ಕೆ ಬಂದಾಗ ಬೋರ್ಡಿನ ಮೇಲೆ ಬರೆಯುವುದು ಈ ಏಣಿಯನ್ನೇ.

ಏಣಿಯ ತುದಿ 6 ಮೀಟರ್ ಎತ್ತರದಲ್ಲಿ ಮರಕ್ಕೆ ತಾಗಿದೆ, ಬುಡ ಮರದಿಂದ ಒಂದೂವರೆ ಮೀಟರ್ ಆಚೆಗಿದೆ ಎನ್ನಿ. ಏಣಿಯ ತೂಕ 15 ಕೆಜಿ, ಹತ್ತುವವನದು 60 ಕೆಜಿ. ಈ 75 ಕೆಜಿಯನ್ನೂ ನೆಲವೇ ಹೊರುತ್ತದೆ. ಅವನು ಯಾವ ಮೆಟ್ಟಿಲಲ್ಲಿದ್ದರೂ ಅದು ಬದಲಾಗದು. ಮರ ಏಣಿಯನ್ನು ಅಡ್ಡಲಾಗಿ ಹೊರಕ್ಕೆ ತಳ್ಳುತ್ತದೆ, ಅಷ್ಟೇ ಬಲದಿಂದ ನೆಲದ ಘರ್ಷಣೆ ಬುಡವನ್ನು ಮರದ ಕಡೆಗೆ ಹಿಡಿದಿಡಬೇಕು. ಮರದ ಆ ತಳ್ಳು ಎಷ್ಟು ಎಂಬುದೇ ಪ್ರಶ್ನೆ. ಬಲಗಳನ್ನು ಬರೀ ಕೂಡಿ ಕಳೆದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಬಲವನ್ನು ದೂರದಿಂದ ಗುಣಿಸಿ ಬರುವ ತಿರುಗಿಸುವ ಪರಿಣಾಮ, ಅಂದರೆ ಟಾರ್ಕ್, ಇಲ್ಲಿ ಬೇಕು.

ಲೆಕ್ಕವನ್ನು ಏಣಿಯ ಬುಡದಿಂದ ಹಿಡಿಯಿರಿ. ನೆಲದ ಬಲಗಳೆಲ್ಲ ಅಲ್ಲೇ ಇರುವುದರಿಂದ ಅವುಗಳಿಗೆ ದೂರ ಸೊನ್ನೆ, ಲೆಕ್ಕದಿಂದ ಹೊರಗೆ. ಕೊಯ್ಯುವವನು 1 ಮೀಟರ್ ಎತ್ತರದಲ್ಲಿದ್ದರೆ ಬುಡದಿಂದ ಅವನ ಅಡ್ಡ ದೂರ ಕಾಲು ಮೀಟರ್. 5 ಮೀಟರ್ ಏರಿದಾಗ ಅದು ಒಂದೂಕಾಲು ಮೀಟರ್. ಈ ಭಾರದ ಟಾರ್ಕನ್ನು 6 ಮೀಟರ್ ಎತ್ತರದಲ್ಲಿರುವ ಮರದ ತಳ್ಳು ಸರಿದೂಗಿಸಬೇಕು. ಏಣಿಯ ನಡುವಿನಲ್ಲಿ ಬೀಳುವ ಅದರ ತೂಕವನ್ನೂ ಸೇರಿಸಿ ನೋಡಿದರೆ ಕೆಳಗಿದ್ದಾಗ ಘರ್ಷಣೆ ತಡೆಯಬೇಕಾದದ್ದು ಸುಮಾರು 4.4 ಕೆಜಿ ತೂಕದಷ್ಟು ಬಲ, ಮೇಲೆ ಹೋದಾಗ 14.4. ಮೂರು ಪಟ್ಟಿಗೂ ಹೆಚ್ಚು! ಮೊದಲ ಮೆಟ್ಟಿಲಲ್ಲಿ ಕುಲುಕಿ ನೋಡುವುದರಿಂದ ಏನೂ ತಿಳಿಯದೆಂದದ್ದು ಇದಕ್ಕೇ. ಬುಡವನ್ನು 3 ಮೀಟರ್ ಆಚೆಗೆ ಎಳೆದಿಟ್ಟರೆ ಅದೇ 14.4 ಎರಡರಷ್ಟಾಗುತ್ತದೆ. ಮರದ ತೊಗಟೆಯೂ ಸ್ವಲ್ಪ ಹಿಡಿಯುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಹಿಡಿಯುತ್ತದೆ. ಅದನ್ನು ನಂಬಿ ಹತ್ತುವುದು ಬೇಡ.

ಪಠ್ಯಪುಸ್ತಕದ ಏಣಿ ನಿಂತಿರುವುದು ಸಮತಟ್ಟಾದ ನೆಲದ ಮೇಲೆ. ಕೊಡಗಿನಲ್ಲಿ ಅಂಥ ನೆಲ ಬೇಕೆಂದರೆ ಗದ್ದೆಗೋ ಕಾಫಿ ಕಣಕ್ಕೋ ಹೋಗಬೇಕು. “ಸರ್, ನಮ್ಮ ತೋಟ ಇಳಿಜಾರಲ್ಲವಾ?” ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಸಲು ವಿಷಯ ಇರುವುದು ಅಲ್ಲಿಯೇ.

ನಮ್ಮ ಲೆಕ್ಕದಲ್ಲಿ, ಕೊಯ್ಯುವವನು 5 ಮೀಟರ್ ಮೇಲಿದ್ದಾಗ, ನೆಲ ಏಣಿಗೆ ಕೊಡುವ ಒಟ್ಟು ಬಲ ನೆಟ್ಟಗೆ ಮೇಲಕ್ಕಿಲ್ಲ, ಮರದ ಕಡೆಗೆ ಸುಮಾರು 11 ಡಿಗ್ರಿ ವಾಲಿದೆ. ಈಗ ನೆಲ 10 ಡಿಗ್ರಿ ಇಳಿಜಾರಾಗಿದ್ದು, ಏಣಿಯ ಬುಡ ಮರದ ತಗ್ಗಿನ ಬದಿಗಿದೆ ಎನ್ನಿ. ನೆಲಕ್ಕೆ ಲಂಬವಾದ ರೇಖೆ ಮರದಿಂದ ಆಚೆಗೆ 10 ಡಿಗ್ರಿ ಬಾಗಿತು. ಘರ್ಷಣೆ ತುಂಬಿಕೊಡಬೇಕಾದ ಅಂತರ 21 ಡಿಗ್ರಿಯಾಯಿತು. ಬೇಕಾದ ಘರ್ಷಣಾ ಗುಣಾಂಕ, ಅಂದರೆ ಏಣಿ ನೆಲವನ್ನು ಒತ್ತುವ ಬಲದಲ್ಲಿ ಎಷ್ಟು ಪಾಲಿನಷ್ಟು ಘರ್ಷಣೆ ಬೇಕೆಂಬ ಲೆಕ್ಕ, 0.19ರಿಂದ 0.38ಕ್ಕೆ ಏರಿತು. ಅಂದರೆ ಏಣಿಯನ್ನು ಸರಿಯಾದ ಕೋನದಲ್ಲೇ ಇಟ್ಟಿದ್ದರೂ, ಸಮತಟ್ಟು ನೆಲದಲ್ಲಿ ಬುಡವನ್ನು 3 ಮೀಟರ್ ಆಚೆಗೆ ಎಳೆದಿಟ್ಟಷ್ಟೇ ಅಪಾಯ. ಕೆಳಗೆ ತರಗೆಲೆ ಹಾಸಿದ್ದರಂತೂ ಹೇಳುವುದೇ ಬೇಡ. ಏಣಿ ಇಡುವ ಮುನ್ನ ಮಣ್ಣು ಕಾಣುವವರೆಗೆ ಕಾಲಿನಿಂದ ಸರಿಸಿಬಿಡಿ. ಅದೇ ಏಣಿಯನ್ನು ಅದೇ ಕೋನದಲ್ಲಿ ಏರಿನ ಬದಿಗೆ ಇಟ್ಟರೆ 11ರಲ್ಲಿ 10 ಕಳೆಯಿತು, ಉಳಿದದ್ದು ಒಂದು ಡಿಗ್ರಿ. ಇಳಿಜಾರೇ ಬುಡವನ್ನು ಮರದ ಕಡೆಗೆ ತಳ್ಳುತ್ತಿರುತ್ತದೆ. ಜೊತೆಗೆ ಏಣಿ ಇನ್ನೂ ಮೇಲಿನ ಬಳ್ಳಿಗೂ ಎಟುಕುತ್ತದೆ. ಆದರೂ ತಗ್ಗಿನ ಬದಿಗೇ ಇಡುವವರೇ ನನ್ನ ಕಣ್ಣಿಗೆ ಹೆಚ್ಚು ಬೀಳುತ್ತಾರೆ. ಆ ಕಡೆ ಗೊಂಚಲು ಚೆನ್ನಾಗಿ ಕಾಣುತ್ತದೆ ಎಂಬುದು ಅವರು ಕೊಡುವ ಕಾರಣ.

ಪಕ್ಕಕ್ಕೆ ವಾಲುವುದು ಬೇರೆಯೇ ಕಥೆ. ದುಂಡನೆಯ ಕಾಂಡದ ಮೇಲೆ ಏಣಿಯ ತುದಿಗೆ ಹಿಡಿತ ಕಡಿಮೆ. ಕೈಗೆ ಸಿಗದ ಗೊಂಚಲಿಗೆ ಮೈಚಾಚಿದಾಗ ದೇಹದ ಭಾರ ಏಣಿಯ ಎರಡು ಕಾಲುಗಳ ನಡುವಿನಿಂದ ಆಚೆ ಹೋದರೆ ತುದಿ ಮರವನ್ನು ಸುತ್ತಿಕೊಂಡು ತಿರುಗುತ್ತದೆ. ಒಂಟಿ ಬಿದಿರಿನ ಏಣಿಗಂತೂ ನಡು ಎಂಬುದೇ ಇಲ್ಲ. ಇನ್ನು ಅಲ್ಯೂಮಿನಿಯಂ ಏಣಿಯನ್ನು ವಿದ್ಯುತ್ ತಂತಿಯ ಹತ್ತಿರ ಎತ್ತಿ ನಿಲ್ಲಿಸುವವರಿಗೆ ಯಾವ ಸಮತೋಲದ ಪಾಠವೂ ಉಪಯೋಗಕ್ಕೆ ಬಾರದು.

ಕೆಳಗೊಬ್ಬರು ಏಣಿ ಹಿಡಿದುಕೊಳ್ಳುವುದು ಎಲ್ಲ ಕಡೆ ಇದೆ. ಕೈಯಲ್ಲಿ ಹಿಡಿಯುವುದಕ್ಕಿಂತ ತೀರಾ ಕೆಳಗಿನ ಮೆಟ್ಟಿಲ ಮೇಲೆ ನಿಲ್ಲುವುದು ಎಷ್ಟೋ ಮೇಲು. 60 ಕೆಜಿಯವರೊಬ್ಬರು ಅಲ್ಲಿ ನಿಂತರೆ ನೆಲದ ಮೇಲಿನ ಒತ್ತಡ 75ರಿಂದ 135ಕ್ಕೆ ಏರುತ್ತದೆ. ಬುಡದ ಪಕ್ಕದಲ್ಲೇ ಇರುವುದರಿಂದ ಅವರ ಭಾರಕ್ಕೆ ತಿರುಗಿಸುವ ಶಕ್ತಿ ಹೆಚ್ಚೇನಿಲ್ಲ. ಸಮತಟ್ಟು ನೆಲದಲ್ಲಿ ಬೇಕಾದ ಗುಣಾಂಕ 0.19ರಿಂದ 0.11ಕ್ಕೆ ಇಳಿಯುತ್ತದೆ. ಏಣಿಯ ತುದಿಯನ್ನು ಹಗ್ಗದಿಂದ ಮರಕ್ಕೆ ಬಿಗಿದ ಮೇಲೆ ಇವರ ಅಗತ್ಯ ಅಷ್ಟಿಲ್ಲ. ಆದರೆ ಹಗ್ಗ ಕಟ್ಟಲು ಒಬ್ಬ ತುದಿಯವರೆಗೆ ಹತ್ತಲೇಬೇಕು, ಏಣಿ ಜಾರುವ ಸಂಭವ ಅತಿ ಹೆಚ್ಚಿರುವುದೂ ಆಗಲೇ. ಮೇಸ್ತ್ರಿಗಳು ಕೆಳಗೆ ನಿಂತ ಆಳನ್ನು ಪಕ್ಕದ ಮರಕ್ಕೆ ಕರೆಯುವುದಿದ್ದರೆ ಆ ಗಂಟು ಬಿಗಿದ ಮೇಲೆ ಕರೆಯಲಿ.